ಹಿಂದಿನ ಕೋಣೆಯ ಫಾರ್ವರ್ಡ್ ಮತ್ತು ಅವಳ ರ‍್ಯಾಂಕು

ಲಂಡನ್ನಿನ ಹೇಸ್‌ನಲ್ಲಿರುವ ನಮ್ಮ ಮನೆಯ ಹಿಂದಿನ ಕೋಣೆಗೆ ಯಾರನ್ನು ಬಾಡಿಗೆಗೆ ಇಟ್ಟುಕೊಳ್ಳಬೇಕು ಎನ್ನುವುದರಲ್ಲಿ ನನ್ನ ಮಾತೇ ನಡೆಯುತ್ತದೆ ಎಂದು ತಿಳಿದುಕೊಂಡಿದ್ದೆ. ಸ್ಪೇನಿನ ಆ ಹುಡುಗಿ ಬಾಗಿಲಲ್ಲಿ ಬಂದು ನಿಂತ ದಿನ ಅದು ಸುಳ್ಳಾಯಿತು. ಅವಳ ಬೆನ್ನ ಮೇಲೆ ಉದ್ದನೆಯ ಚೀಲವಿತ್ತು, ಅದರ ಬಾಯಿಂದ ಎರಡು ಹಾಕಿ ಸ್ಟಿಕ್ಕುಗಳು ತಲೆ ಹೊರಗೆ ಹಾಕಿದ್ದವು. ನನ್ನ ಗಂಡನದು ಗದಗ-ಬೆಟಗೇರಿ. ಅವರ ಓಣಿಯ ಹುಡುಗರು ಕ್ರಿಕೆಟ್ ಬ್ಯಾಟಿಗಿಂತ ಮೊದಲು ಹಾಕಿ ಸ್ಟಿಕ್ಕು ಹಿಡಿಯುತ್ತಿದ್ದರು ಎಂಬುದನ್ನು ಮದುವೆಯಾದ ದಿನದಿಂದ ಕೇಳುತ್ತಲೇ ಬಂದಿದ್ದೇನೆ. ಯಾವ ಜಾಗದಲ್ಲಿ ಆಡುತ್ತೀ ಎಂದು ಇವರು ಕೇಳಿದರು, ಫಾರ್ವರ್ಡ್ ಎಂದಳು, ಅಲ್ಲಿಗೆ ಇಂಟರ್‌ವ್ಯೂ ಮುಗಿಯಿತು. ನಾನು ಕೇಳಬೇಕೆಂದಿದ್ದ ಪ್ರಶ್ನೆಗಳೆಲ್ಲ ಬಾಯಲ್ಲೇ ಉಳಿದವು.

ಹುಡುಗಿಯೂ ಕೇಳಿದ್ದು ಒಂದೇ ಪ್ರಶ್ನೆ. ಹಗಲು ಹೊತ್ತು ಮನೆಯಲ್ಲಿ ಯಾರಾದರೂ ಇರುತ್ತಾರೆಯೇ? ನನ್ನ ಅತ್ತೆ ಸದಾ ಇರುತ್ತಾರೆ, ಗುಡಿಗೆ ಹೋಗಬೇಕೆಂದರೂ ನಾವೇ ಕಾರಿನಲ್ಲಿ ಕರೆದೊಯ್ಯಬೇಕು ಎಂದೆ. ಅವಳು ಸಮಾಧಾನದ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಪಾರ್ಸೆಲ್ ತೆಗೆದುಕೊಳ್ಳಲು ಜನ ಬೇಕೇನೋ ಎಂದುಕೊಂಡೆ.

ನಿಜವಾದ ಕಾರಣ ಹೇಳಿದ್ದು ಕೆಲವು ವಾರಗಳಾದ ಮೇಲೆ, ನನ್ನ ಜೊತೆ ನಿಂತು ಪಾತ್ರೆ ಒರೆಸುತ್ತಾ. ಮೊದಲು ಆಡುತ್ತಿದ್ದ ಊರಿನಲ್ಲಿ ಒಬ್ಬ ಮನುಷ್ಯ ಅವಳಿಗೆ ದಿನಾ ಬರೆಯುತ್ತಿದ್ದನಂತೆ. ಮೊದಲು ಹೊಗಳಿಕೆ, ಆಮೇಲೆ ದೂರು, ಆಮೇಲೆ ಯಾಕೆ ಉತ್ತರ ಕೊಡುವುದಿಲ್ಲ ಎಂಬ ಸಿಟ್ಟು. ಅವನ ಮುಖವನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಕೊನೆಗೆ ಒಂದು ದಿನ ಅವಳ ಫ್ಲಾಟಿನ ಬಾಗಿಲ ಹಿಡಿಕೆಗೆ ಯಾರೋ ಹೂವು ಕಟ್ಟಿಹೋಗಿದ್ದರು. ಆಗ ಅವಳು ನಂಬರು ಬದಲಿಸಿದಳು, ಊರು ಬಿಟ್ಟಳು, ಲಂಡನ್ನಿನ ಕ್ಲಬ್ಬು ಸೇರಿದಳು. ಜೊತೆಯ ಆಟಗಾರ್ತಿಯರ ಫ್ಲಾಟು ಬೇಡವೆಂದು ಸಂಸಾರವಿರುವ ಮನೆಯನ್ನೇ ಹುಡುಕಿದಳು. ಮನೆ ತುಂಬ ಜನರಿದ್ದರೆ ಯಾರೂ ಹತ್ತಿರ ಸುಳಿಯುವುದಿಲ್ಲ ಎಂಬುದು ಅವಳ ಲೆಕ್ಕಾಚಾರ. ನನಗೂ ಅದು ಸರಿಯೆಂದೇ ತೋರಿತು. ಅಜ್ಜಿಗೆ ಹೇಳಬೇಡಿ, ಸುಮ್ಮನೆ ಹೆದರುತ್ತಾರೆ ಎಂದಳು. ನಾನು ಗಂಡನಿಗೂ ಮಗಳಿಗೂ ಮಾತ್ರ ಹೇಳಿದೆ.

ಅತ್ತೆಗೆ ಆ ಹುಡುಗಿಯೆಂದರೆ ಜೀವ. ಅತ್ತೆಗೆ ಇಂಗ್ಲಿಷಿನಲ್ಲಿ ಹಲೋ ಮತ್ತು ಥ್ಯಾಂಕ್ಯೂ ಬಿಟ್ಟರೆ ಬೇರೆ ಬಾರದು, ಅವಳಿಗೆ ಕನ್ನಡದಲ್ಲಿ ಅಜ್ಜಿ, ರೊಟ್ಟಿ, ಸಾಕು ಬಿಟ್ಟರೆ ಬೇರೆ ಬಾರದು. ಆದರೂ ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಏನು ಮಾತಾಡುತ್ತಾರೋ ಶಿವನೇ ಬಲ್ಲ. ಧಾರವಾಡದ ಕಡೆಯ ರೀತಿಯನ್ನು ಅತ್ತೆ ಲಂಡನ್ನಿಗೂ ತಂದಿದ್ದರು. ಬಾಗಿಲಿಗೆ ಯಾರೇ ಬರಲಿ, ಮೊದಲು ಬೆಲ್ಲ, ಒಂದು ತಂಬಿಗೆ ನೀರು. ಮೀಟರ್ ನೋಡಲು ಬಂದವನಿಗೂ ಬೆಲ್ಲ, ಚುನಾವಣೆಗೆ ಓಟು ಕೇಳಲು ಬಂದವನಿಗೂ ಬೆಲ್ಲ. ಪಾರ್ಸೆಲ್ ತರುವ ಪಂಜಾಬಿ ಹುಡುಗನಂತೂ ನಮ್ಮ ಓಣಿಗೆ ಬಂದರೆ ಪಾರ್ಸೆಲ್ ಇಲ್ಲದಿದ್ದರೂ ಒಮ್ಮೆ ಬಂದು ಹೋಗುತ್ತಿದ್ದ. ಇದನ್ನು ನಾನು ನಾಲ್ಕು ಮಂದಿಯ ಮುಂದೆ ಹೇಳಿ ನಗುತ್ತಿದ್ದೆ, ಒಳಗೊಳಗೆ ಹೆಮ್ಮೆಯೂ ಇತ್ತು.

ರ‍್ಯಾಂಕಿನ ವಿಷಯ ಮನೆಗೆ ತಂದವಳು ನನ್ನ ಮಗಳು. ಯೂನಿವರ್ಸಿಟಿಯಲ್ಲಿ ಓದುತ್ತಾಳೆ, ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಹೆಸರಾದವರ ಹುಟ್ಟುಹಬ್ಬಗಳನ್ನೆಲ್ಲ ಕೂಡಿಹಾಕಿರುವ ಒಂದು ಜಾಲತಾಣದಲ್ಲಿ ನಮ್ಮ ಹುಡುಗಿಗೂ ಒಂದು ಪುಟವಿದೆ ಎಂದು ಊಟದ ಮೇಜಿನ ಮೇಲೆ ಫೋನು ಇಟ್ಟಳು. ಫೋಟೋ, ಹುಟ್ಟಿದ ದಿನ, ಹುಟ್ಟಿದ ಊರು, ರಾಶಿ, ಕೆಳಗೆ ಎರಡು ಸಾಲು ಆಟದ ಕತೆ. ಪಕ್ಕದಲ್ಲಿ ಜನಪ್ರಿಯತೆಯ ರ‍್ಯಾಂಕು. ಪುಟವನ್ನು ಎಷ್ಟು ಮಂದಿ ತೆರೆಯುತ್ತಾರೋ ಅದರ ಮೇಲೆ ಆ ಅಂಕಿ ಏರುತ್ತದೆ, ಇಳಿಯುತ್ತದೆ. ನಮ್ಮ ಹುಡುಗಿಯದು ಪಾತಾಳದಲ್ಲಿತ್ತು. ಅವಳು ಬಿದ್ದು ಬಿದ್ದು ನಕ್ಕಳು. ಅವಳಿಗಿಂತ ಮೇಲೆ ಯಾರದೋ ಸಾಕಿದ ಮುಳ್ಳುಹಂದಿಯಿತ್ತು.

ನನ್ನ ಗಂಡನಿಗೆ ನಗು ಬರಲಿಲ್ಲ. ತನ್ನ ದೇಶದ ತಂಡದ ಕ್ಯಾಂಪಿಗೆ ಹೋಗಿಬಂದ ಫಾರ್ವರ್ಡ್ ಮುಳ್ಳುಹಂದಿಯ ಕೆಳಗೆ ಇರುವುದೆಂದರೆ ಏನು? ಮರುದಿನವೇ ಉತ್ತರ ಕರ್ನಾಟಕದವರ ವಾಟ್ಸ್ಯಾಪ್ ಗುಂಪಿಗೆ ಆ ಪುಟದ ಲಿಂಕು ಹೋಯಿತು. ಮುಂಜಾನೆ ಚಹಾ ಕುಡಿಯುವಾಗ ಎಲ್ಲರೂ ಒಮ್ಮೆ ಒತ್ತಬೇಕು, ರಾತ್ರಿ ಮಲಗುವ ಮುಂಚೆ ಒಮ್ಮೆ ಒತ್ತಬೇಕು ಎಂಬ ಕಟ್ಟಪ್ಪಣೆ. ನಾನು ಎಚ್ಚರಿಸಿದೆ. ಮನೆಯ ಫೋಟೋ ಹಾಕುವುದಿಲ್ಲ, ವಿಳಾಸ ಹಾಕುವುದಿಲ್ಲ, ಒತ್ತುವುದರಿಂದ ಏನಾಗುತ್ತದೆ ಎಂದರು. ಹುಡುಗಿಯನ್ನೂ ಕೇಳಿದರು, ಅವಳೂ ನಕ್ಕು ಒಪ್ಪಿದಳು. ಬೆಳಗಾವಿಯವರು, ವಿಜಯಪುರದವರು, ಕಲಬುರಗಿಯವರು ಎಲ್ಲ ಸೇರಿ ಒತ್ತಿದರು. ಹಾಕಿ ಎಂದರೇನೆಂದು ಗೊತ್ತಿಲ್ಲದವರೂ ನಮ್ಮ ಹುಡುಗಿ ಎಂದು ಒತ್ತಿದರು. ಮುಳ್ಳುಹಂದಿಯನ್ನು ದಾಟಿದ ದಿನ ಇವರು ಫೆಲ್ಥಮ್‌ನಿಂದ ಮಿಠಾಯಿ ತಂದರು.

ನವೆಂಬರಿನಲ್ಲಿ ಸ್ಟ್ರಾಟ್‌ಫರ್ಡ್‌ನ ಮೈದಾನದಲ್ಲಿ ಆಡುವಾಗ ಅವಳ ಪಾದದ ಕೀಲು ತಿರುಚಿತು. ಕಾಲಿಗೆ ದಪ್ಪನೆಯ ಬೂಟು ಹಾಕಿಕೊಂಡು ಕುಂಟುತ್ತಾ ಮನೆಗೆ ಬಂದಳು. ಇನ್ನು ಆಟವಿಲ್ಲ, ಪೇಪರಿನಲ್ಲಿ ಹೆಸರಿಲ್ಲ. ಅದೇ ಹೊತ್ತಿಗೆ ನಮ್ಮ ಗುಂಪಿನವರಿಗೂ ಬೇಸರ ಬಂದಿತ್ತು, ಅವರು ಯಾರದೋ ಮದುವೆಯ ಗಲಾಟೆಯಲ್ಲಿ ಬಿದ್ದು ಒತ್ತುವುದನ್ನು ಬಿಟ್ಟರು. ರ‍್ಯಾಂಕು ಇಳಿಯಬೇಕಿತ್ತು. ಅದು ಏರಿತು. ದಿನಾ ಏರುತ್ತಲೇ ಹೋಯಿತು. ನನ್ನ ಗಂಡ ಇದು ಪ್ರತಿಭೆಯ ಬಲ ಎಂದು ಮೀಸೆ ತಿರುವಿದರು. ಮಗಳು ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದಳು. ಇಷ್ಟೊಂದು ಮಂದಿ ತೆರೆಯಲು ಕಾರಣವೇ ಇಲ್ಲ, ಇದು ಒಬ್ಬರೇ ಹಗಲೂ ರಾತ್ರಿ ತೆರೆಯುತ್ತಿರುವ ಹಾಗಿದೆ ಎಂದು ಅವಳು ಹೇಳಿದಾಗ ನನಗೆ ಅಡುಗೆಮನೆಯಲ್ಲಿ ಒಲೆಯ ಮುಂದೆಯೇ ಚಳಿಯಾಯಿತು.

ಆಮೇಲೆ ಪುಟದ ಸಾಲುಗಳು ಬೆಳೆಯತೊಡಗಿದವು. ಅಭಿಮಾನಿಗಳು ತಮಗೆ ಗೊತ್ತಿರುವುದನ್ನು ಸೇರಿಸಲು ಅಲ್ಲಿ ಅವಕಾಶವಿತ್ತು. ಮೊದಲು ಬಂದದ್ದು ಅವಳು ಪಶ್ಚಿಮ ಲಂಡನ್ನಿನಲ್ಲಿದ್ದಾಳೆ ಎಂಬ ಸಾಲು. ಕ್ಲಬ್ಬಿನವರು ಯಾರೋ ಬರೆದಿರಬೇಕು ಎಂದುಕೊಂಡೆವು. ಆಮೇಲೆ ಭಾರತೀಯ ಸಂಸಾರದ ಜೊತೆ ಇದ್ದಾಳೆ ಎಂದು. ಆಮೇಲೆ ಜೋಳದ ರೊಟ್ಟಿ ಅವಳಿಗೆ ಇಷ್ಟ ಎಂದು. ಈ ಎರಡನ್ನೂ ನನ್ನ ಗಂಡ ಗುಂಪಿನಲ್ಲಿ ಬಡಾಯಿ ಕೊಚ್ಚಿದ್ದರು, ಅದು ಎಲ್ಲಿಂದ ಎಲ್ಲಿಗೆ ಹೋಯಿತೋ. ನಾನು ಇವರಿಗೆ ಬಾಯಿಗೆ ಬಂದ ಹಾಗೆ ಬೈದೆ, ಇವರು ಎಲ್ಲವನ್ನೂ ಅಳಿಸಿದರು. ಮಗಳು ಆ ಜಾಲತಾಣದವರಿಗೆ ಬರೆದಳು, ಅವರೂ ಆ ಸಾಲುಗಳನ್ನು ತೆಗೆದರು. ಹುಡುಗಿ ನಗುವುದನ್ನು ಬಿಟ್ಟಳು. ಊಟಕ್ಕೆ ಕೂತಾಗ ಬೆನ್ನನ್ನು ಗೋಡೆಗೆ ಮಾಡಿಕೊಂಡು, ಬಾಗಿಲು ಕಾಣುವ ಕುರ್ಚಿಯಲ್ಲೇ ಕೂರತೊಡಗಿದಳು.

ಡಿಸೆಂಬರಿನ ಒಂದು ಭಾನುವಾರ ಮಗಳು ಮೆಟ್ಟಿಲಿಳಿದು ಬಂದು ಫೋನನ್ನು ನನ್ನ ಕೈಗೆ ಕೊಟ್ಟಳು. ಪುಟದಲ್ಲಿ ಹೊಸ ಸಾಲು ಬಂದಿತ್ತು. ಅವಳ ಮಂಚದ ಎದುರಿನ ಗೋಡೆಯ ಮೇಲೆ ರುಮಾಲು ಸುತ್ತಿದ ಮುದುಕನ ಫೋಟೋ ಇದೆ, ಅದಕ್ಕೆ ಗಂಧದ ಹಾರ ಹಾಕಿದ್ದಾರೆ ಎಂದಿತ್ತು.

ಅದು ನನ್ನ ಮಾವನವರ ಫೋಟೋ. ಆ ಕೋಣೆಯಲ್ಲಿ ಮೊದಲಿನಿಂದಲೂ ಇತ್ತು, ತೆಗೆಯಲೇ ಎಂದಾಗ ಇರಲಿ ಎಂದು ಹುಡುಗಿಯೇ ಹೇಳಿದ್ದಳು. ಅದನ್ನು ಯಾರೂ ಯಾವ ಗುಂಪಿಗೂ ಹಾಕಿರಲಿಲ್ಲ. ಕೋಣೆ ಇರುವುದು ಮಹಡಿಯ ಮೇಲೆ, ಕಿಟಕಿಯಿಂದ ಆ ಗೋಡೆ ಕಾಣುವುದಿಲ್ಲ. ಒಳಗೆ ಕಾಲಿಟ್ಟವರಿಗೆ ಮಾತ್ರ ಕಾಣುತ್ತದೆ. ನಾನು ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದೆ. ಗಂಡ ದೇವರ ಮೇಲೆ ಆಣೆ ಮಾಡಿದರು. ಮಗಳು ತನ್ನ ಗೆಳತಿಯರನ್ನು ಮೇಲೆ ಕರೆದೊಯ್ದಿಲ್ಲ ಎಂದಳು. ಹುಡುಗಿಗೆ ಆ ಸಾಲನ್ನು ಓದಿ ಹೇಳಿದಾಗ ಅವಳ ಮುಖ ಬಿಳಿಚಿಕೊಂಡಿತು. ಬತ್ತಿ ಹೊಸೆಯುತ್ತಾ ಕೂತಿದ್ದ ಅತ್ತೆ, ಏನು ನಡೆದಿದೆ ಎಂದು ನನ್ನನ್ನು ಕೇಳಿದರು. ಯಾರೋ ಈ ಹುಡುಗಿಯ ಕೋಣೆಗೆ ಹೋಗಿದ್ದಾರೆ ಎಂದೆ.

"ಯಾರೋ ಅಲ್ಲವಾ, ಅಕಿ ಅಪ್ಪ ಬಂದಿದ್ದ," ಎಂದರು ಅತ್ತೆ. "ನಾನ ಒಳಗ ಕರದೆ."

ನನಗೆ ಅರ್ಥವಾಗಲಿಲ್ಲ. ಯಾವ ಅಪ್ಪ ಎಂದು ಕೇಳಿದೆ.

"ಫೋನಿನಾಗ ಅಕಿ ಸಣ್ಣಾಕಿ ಇದ್ದಾಗಿನ ಫೋಟೋ ಇದ್ದವು. ಎರಡು ಜಡಿ ಹಾಕ್ಕೊಂಡು, ಬಡಿಗಿ ಹಿಡಕೊಂಡು ನಿಂತಿದ್ಲು. ಅಂಥಾ ಫೋಟೋ ಹಡೆದವರ ಕಡೆ ಬಿಟ್ಟು ಮತ್ಯಾರ ಕಡೆ ಇರತಾವ?"

ಒಂದೊಂದೇ ಮಾತು ಕೇಳಿ ಹೊರಗೆಳೆಯಬೇಕಾಯಿತು. ನಾನು ಕೆಲಸಕ್ಕೆ ಹೋಗಿದ್ದಾಗ ಬಂದಿದ್ದನಂತೆ. ಫೆಲ್ಥಮ್‌ನಲ್ಲಿ ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಯಲ್ಲಿ ನನ್ನ ಕೆಲಸ, ಬೆಳಿಗ್ಗೆ ಹೋದರೆ ಮಧ್ಯಾಹ್ನ ಬರುವುದು. ಹುಡುಗಿ ಕಾಲಿನ ವ್ಯಾಯಾಮಕ್ಕೆ ಕ್ಲಿನಿಕ್ಕಿಗೆ ಹೋಗಿದ್ದ ಹೊತ್ತು ಅದು. ಎತ್ತರದ, ನರೆತ ಕೂದಲಿನ, ಒಪ್ಪವಾಗಿ ಕೋಟು ಹಾಕಿದ ಮನುಷ್ಯ. ಕೈಯಲ್ಲಿ ಕಿತ್ತಳೆಹಣ್ಣಿನ ಚೀಲ. ಅತ್ತೆ ಬೆಲ್ಲ ಕೊಟ್ಟರು, ನೀರು ಕೊಟ್ಟರು, ಅವಲಕ್ಕಿ ಕೊಟ್ಟರು. ಅವನು ಫೋನಿನ ಫೋಟೋಗಳನ್ನು ಒಂದೊಂದಾಗಿ ತೋರಿಸಿ ಕಣ್ಣೊರೆಸಿಕೊಂಡನಂತೆ. ಅತ್ತೆಗೂ ಕರುಳು ಚುರುಕ್ ಎಂದಿತು. ಮಗಳ ಕೋಣೆ ನೋಡಬೇಕೇನಪ್ಪ ಎಂದು ಇವರೇ ಕೈಹಿಡಿದು ಮಹಡಿಗೆ ಕರೆದೊಯ್ದರು. ಅವನು ಮಂಚದ ತುದಿಯಲ್ಲಿ ಬಹಳ ಹೊತ್ತು ಕೂತಿದ್ದ. ದಿಂಬಿನ ಮೇಲೆ ಕೈಯಾಡಿಸಿದ. ಹೋಗುವಾಗ ತುಟಿಯ ಮೇಲೆ ಬೆರಳಿಟ್ಟು, ಹೇಳಬೇಡಿ ಎಂದು ಸನ್ನೆ ಮಾಡಿದ. ಎರಡನೆಯ ಸಲವೂ ಬಂದಿದ್ದ. ಮೂರನೆಯ ಸಲವೂ ಬಂದನೋ ಇಲ್ಲವೋ ಅತ್ತೆಗೆ ನೆನಪಿರಲಿಲ್ಲ.

ಹಣ್ಣು ಎಲ್ಲಿಂದ ಬಂತು ಎಂದು ನಾನು ಆಗ ಕೇಳಿದ್ದೆ, ಓಣಿಯವರು ಕೊಟ್ಟರು ಎಂದಿದ್ದರು. ಎಲ್ಲರೂ ಕೂತು ಸುಲಿದು ತಿಂದಿದ್ದೆವು. ಹುಡುಗಿಯೂ ತಿಂದಿದ್ದಳು, ನಮ್ಮೂರ ಕಡೆಯ ಹಣ್ಣಿನ ಹಾಗಿದೆ ಎಂದು ಹೊಗಳಿದ್ದಳು.

ಯಾಕೆ ಮುಚ್ಚಿಟ್ಟಿರಿ ಎಂದು ನಾನು ಕೂಗಾಡಿದೆ. ಕೂಗಾಡಿದ್ದಕ್ಕೆ ಈಗಲೂ ನನಗೆ ಬೇಸರವಿಲ್ಲ, ಅಷ್ಟು ಹೆದರಿಕೆಯಾಗಿತ್ತು. ಅತ್ತೆಯ ಉತ್ತರ ಕೇಳಿ ಮಾತ್ರ ದನಿ ತಗ್ಗಿತು. ಅವರ ಮದುವೆಯಲ್ಲಿ ಬೀಗರ ನಡುವೆ ಜಗಳವಾಗಿ, ಅವರ ತಂದೆ ಮಗಳ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟಿದ್ದರಂತೆ. ಸಂತೆಯ ದಿನ ಬಂದು ಓಣಿಯ ತುದಿಯಲ್ಲಿ ನಿಂತು, ನೀರು ತರಲು ಹೋಗುವ ಮಗಳನ್ನು ದೂರದಿಂದ ನೋಡಿ ಹೋಗುತ್ತಿದ್ದರಂತೆ. ಅದು ಇವರಿಗೆ ತಿಳಿದದ್ದು ತಂದೆ ತೀರಿಕೊಂಡ ಮೇಲೆ. ಈ ಹುಡುಗಿಯೂ ತಂದೆಯ ಮೇಲೆ ಮುನಿಸಿಕೊಂಡು ಬಂದವಳಿರಬೇಕು, ನಿಧಾನವಾಗಿ ಇಬ್ಬರನ್ನೂ ಕೂಡಿಸೋಣ ಎಂದುಕೊಂಡಿದ್ದರು ಅತ್ತೆ.

ಹುಡುಗಿಗೆ ನಾನು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಸಣ್ಣವಳಿದ್ದಾಗಿನ ಆ ಫೋಟೋಗಳು ಇಂಟರ್‌ನೆಟ್ಟಿನಲ್ಲಿ ಯಾರಿಗಾದರೂ ಸಿಗುತ್ತವೆ ಎಂದು ಹೇಳಿ, ಅವಳು ತನ್ನ ಫೋನು ತೆಗೆದು ತಂದೆಯ ಫೋಟೋ ತೋರಿಸಿದಳು. ಗಿಡ್ಡನೆಯ, ಬೋಳುತಲೆಯ, ಹೊಟ್ಟೆ ಬಂದ ಮನುಷ್ಯ, ಊರು ಬಿಟ್ಟು ಎಲ್ಲಿಗೂ ಹೋದವನಲ್ಲ. ಅತ್ತೆ ಆ ಫೋಟೋವನ್ನು ಕನ್ನಡಕ ಹಾಕಿ ನೋಡಿದರು, ಕನ್ನಡಕ ತೆಗೆದು ನೋಡಿದರು, ಹೊಸೆದಿದ್ದ ಬತ್ತಿಗಳನ್ನೆಲ್ಲ ಸೆರಗಿನಲ್ಲಿ ಹಿಡಿದುಕೊಂಡು ಎದ್ದು ದೇವರ ಮುಂದೆ ಹೋಗಿ ಕೂತುಬಿಟ್ಟರು. ಆ ದಿನ ಅವರು ಊಟ ಮಾಡಲಿಲ್ಲ.

ಪೊಲೀಸರು ಬಂದರು. ಬಂದ ಹೆಣ್ಣುಮಗಳು ತಾಳ್ಮೆಯಿಂದ ಎಲ್ಲವನ್ನೂ ಕೇಳಿದಳು, ಹಳೆಯ ಊರಿನ ಕತೆಯನ್ನೂ ಬರೆದುಕೊಂಡಳು. ಬಾಗಿಲು ಒಡೆದು ಬಂದನೇ ಎಂದಾಗ ಇಲ್ಲ, ನಾವೇ ಕರೆದೆವು ಎಂದೆ. ಏನಾದರೂ ಕಳುವಾಗಿದೆಯೇ ಎಂದಾಗ ಹುಡುಗಿ ಮೇಲೆ ಹೋಗಿ ಹುಡುಕಿದಳು. ಅವಳ ಕೂದಲು ಕಟ್ಟುವ ರಬ್ಬರು, ಒಂದು ಕಾಲುಚೀಲ, ಸ್ಟಿಕ್ಕಿನ ಹಿಡಿಯಿಂದ ಬಿಚ್ಚಿ ಕಸದ ಬುಟ್ಟಿಗೆ ಹಾಕಿದ್ದ ಹಳೆಯ ಪಟ್ಟಿ ಇರಲಿಲ್ಲ. ಬೆವರು ಹತ್ತಿ ಕಪ್ಪಾಗಿದ್ದ ಆ ಪಟ್ಟಿ ಯಾರಿಗೆ ಬೇಕು? ಅವನಿಗೆ ಬೇಕಾಗಿತ್ತು.

ಬೀಗ ಬದಲಿಸಿದೆವು. ಬಾಗಿಲ ಗಂಟೆಗೆ ಕ್ಯಾಮೆರಾ ಹಾಕಿಸಿದೆವು, ಅದರ ಚಿತ್ರ ನನ್ನ ಫೋನಿಗೆ ಬರುವಂತೆ ಮಗಳು ಮಾಡಿಕೊಟ್ಟಳು. ನಮ್ಮ ಮನೆ ಅವನಿಗೆ ಹೇಗೆ ಸಿಕ್ಕಿತು ಎಂದು ನನ್ನ ಗಂಡ ತಲೆ ಚಚ್ಚಿಕೊಂಡರು. ನನಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಹಾಕಿ ಆಡುವ ಹುಡುಗಿಯನ್ನು ಇಟ್ಟುಕೊಂಡಿರುವ ರೊಟ್ಟಿಯ ಮನೆ ಎಲ್ಲಿ ಎಂದು ಹೇಸ್‌ನಲ್ಲಿ ನಮ್ಮವರು ಯಾರನ್ನು ಕೇಳಿದರೂ ದಾರಿ ತೋರಿಸುತ್ತಿದ್ದರು. ಮಳೆಯಿದ್ದರೆ ಕಾರಿನಲ್ಲೇ ತಂದು ಬಿಡುತ್ತಿದ್ದರು.

ಕ್ರಿಸ್‌ಮಸ್ಸಿಗೆ ಹತ್ತಿರದ ಒಂದು ಬೆಳಿಗ್ಗೆ, ಊಟದ ಟ್ರೇಗಳ ನಡುವೆ ನಿಂತಿದ್ದಾಗ ಜೇಬಿನಲ್ಲಿ ಫೋನು ಅದುರಿತು. ತೆರೆದು ನೋಡಿದರೆ ನಮ್ಮ ಮನೆಯ ಬಾಗಿಲಲ್ಲಿ ಅವನು. ಅತ್ತೆ ಹೇಳಿದ ಹಾಗೆಯೇ ಇದ್ದ. ಒಪ್ಪವಾದ ಕೋಟು, ಕೈಯಲ್ಲಿ ಚೀಲ. ಕೆಟ್ಟವನ ಮುಖ ಹೀಗಿರುತ್ತದೆ ಎಂದು ನಾನು ಎಣಿಸಿದ್ದು ಅಲ್ಲಿ ಏನೂ ಇರಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದವರ ಹಾಗೆ ಕಾಣುತ್ತಿದ್ದ. ಗಂಡ ಹೀಥ್ರೂ ವಿಮಾನ ನಿಲ್ದಾಣದ ಕೆಲಸದಲ್ಲಿ, ಮಗಳು ಕ್ಲಾಸಿನಲ್ಲಿ. ಮನೆಯಲ್ಲಿ ಕಾಲು ನೆಟ್ಟಗೆ ಊರಲಾಗದ ಹುಡುಗಿ, ಎಂಬತ್ತು ದಾಟಿದ ಅತ್ತೆ. ನಾನು ಪಕ್ಕದಲ್ಲಿ ಕೆಲಸ ಮಾಡುತ್ತಿದ್ದವಳ ಫೋನು ಕಸಿದುಕೊಂಡು ಪೊಲೀಸರಿಗೆ ಕರೆ ಮಾಡಿದೆ, ನನ್ನ ಫೋನಿನಿಂದ ಕಣ್ಣು ತೆಗೆಯಲಿಲ್ಲ.

ಅವನು ಮತ್ತೊಮ್ಮೆ ಗಂಟೆ ಒತ್ತಿದ. ಬಾಗಿಲಿನ ಗಾಜಿನ ಹಿಂದೆ ಅತ್ತೆಯ ಸೀರೆಯ ಬಣ್ಣ ಕಂಡಿರಬೇಕು, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ. ನಮ್ಮಲ್ಲೇ ಕಲಿತದ್ದು. ಯಾರೂ ಬಾಗಿಲು ತೆರೆಯದಿದ್ದಾಗ ಬೊಗಸೆ ಮಾಡಿ ಬಾಯಿಯ ಹತ್ತಿರ ತಂದು, ತಲೆ ಸ್ವಲ್ಪ ಹಿಂದಕ್ಕೆ ವಾಲಿಸಿ, ನೀರು ಬೇಕು ಎಂದು ಸನ್ನೆ ಮಾಡಿದ. ಅತ್ತೆ ತಮ್ಮ ಆಯುಷ್ಯದಲ್ಲಿ ನೀರು ಕೇಳಿದವರಿಗೆ ಇಲ್ಲವೆಂದವರಲ್ಲ. ಅದು ಅವನಿಗೂ ಗೊತ್ತಿತ್ತು. ಚಿಲಕದ ಮೇಲೆ ಅವರ ಕೈ ಇದೆಯೋ ಇಲ್ಲವೋ ನನಗೆ ಕಾಣುತ್ತಿರಲಿಲ್ಲ.

ಬಾಗಿಲ ಹಿಂದಿನಿಂದ ಅತ್ತೆಯ ಸಣ್ಣ ದನಿ ಫೋನಿನಲ್ಲಿ ಕೇಳಿಸಿತು.

"ನೀರಿಲ್ಲಪ್ಪ ಇಲ್ಲೆ. ಹೋಗು."

ಅವನು ನಗುತ್ತಲೇ ಸ್ವಲ್ಪ ಹೊತ್ತು ನಿಂತ. ಚೀಲವನ್ನು ಮೆಟ್ಟಿಲ ಮೇಲಿಟ್ಟ, ಕ್ಯಾಮೆರಾವನ್ನು ನೇರವಾಗಿ ನೋಡಿದ, ಅವಸರವಿಲ್ಲದೆ ಬೀದಿಯ ಕಡೆ ನಡೆದ. ಪೊಲೀಸರು ಬರುವಷ್ಟರಲ್ಲಿ ಅವನಿರಲಿಲ್ಲ. ನಾನು ಮನೆಗೆ ಓಡಿಬಂದಾಗ ಅತ್ತೆ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದರು, ಪಕ್ಕದಲ್ಲಿ ಬೂಟಿನ ಕಾಲು ಚಾಚಿಕೊಂಡು ಆ ಹುಡುಗಿ, ತೊಡೆಯ ಮೇಲೆ ಹಾಕಿ ಸ್ಟಿಕ್ಕು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು. ಪೊಲೀಸರು ಚಿತ್ರಗಳನ್ನು ತೆಗೆದುಕೊಂಡು ಹೋದರು, ಅವನನ್ನು ಹುಡುಕುತ್ತಿದ್ದೇವೆ ಎಂದರು. ಇವತ್ತಿಗೂ ಸಿಕ್ಕಿಲ್ಲ.

ಹುಡುಗಿ ಆ ವಾರವೇ ಕೋಣೆ ಖಾಲಿ ಮಾಡಿದಳು. ಜೊತೆಯ ಆಟಗಾರ್ತಿಯೊಬ್ಬಳು ಕಾರು ತಂದಿದ್ದಳು. ಮಗಳನ್ನು ಕಳಿಸುವಾಗ ಮಾಡುವಂತೆ ಅತ್ತೆ ಅವಳಿಗೆ ಉಡಿ ತುಂಬಿದರು. ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಬಟ್ಟೆ, ಎಲೆ ಅಡಿಕೆ. ಜರ್ಸಿಯ ಅಂಚನ್ನೇ ಸೆರಗಿನ ಹಾಗೆ ಹಿಡಿದು ಅವಳು ತುಂಬಿಸಿಕೊಂಡಳು. ಕಾರಿನ ಹತ್ತಿರ ನಾನು ಮಾಮೂಲಿನಂತೆ ಕೇಳಿದೆ, ಎಲ್ಲಿಗೆ ಹೋಗುತ್ತಿದ್ದೀ, ಹೊಸ ಮನೆ ಎಲ್ಲಿ, ಸಂಕ್ರಾಂತಿಗೆ ಎಳ್ಳುಬೆಲ್ಲ ತಂದುಕೊಡುತ್ತೇವೆ ಎಂದು. ಅವಳು ನನ್ನನ್ನು ತಬ್ಬಿಕೊಂಡಳು. ನೀವು ತುಂಬ ಒಳ್ಳೆಯವರು, ಅದಕ್ಕೇ ನಿಮಗೆ ಹೇಳುವುದಿಲ್ಲ ಎಂದು ಇಂಗ್ಲಿಷಿನಲ್ಲಿ, ಮೆಲ್ಲಗೆ, ನನಗೆ ನೋವಾಗಬಾರದೆಂಬ ಎಚ್ಚರದಲ್ಲಿ ಹೇಳಿದಳು. ನೋವಾಯಿತು.

ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅತ್ತೆ ಶಾಲು ಹೊದ್ದು ಬಾಗಿಲಲ್ಲೇ ನಿಂತಿದ್ದರು. ನಾನು ಒಳಗೆ ಬಂದಾಗ, ಎಲ್ಲಿಗೆ ಹೋದಳು ಎಂದು ಕೇಳಿದರು. ಗೊತ್ತಿಲ್ಲ, ಹೇಳಲಿಲ್ಲ ಎಂದೆ. ಅತ್ತೆ ತಲೆಯಾಡಿಸಿದರು.

"ಚಲೋ ಆತು," ಎಂದರು. "ಮುಂದ ನಿನಗ ಗೊತ್ತಾದರೂ ನನಗ ಹೇಳಬ್ಯಾಡವಾ."